ಕೊಟ್ರಬಸಮ್ಮ ಬಸ್ಸಿನ ಹಿಂದೆ ಓಡಿದ್ದು

ನಾನು ಉಚ್ಚಂಗೆಪ್ಪ. ಹುಟ್ಟಿದ್ದು ಹರಪನಹಳ್ಳಿ ಕಡೆಯ ತೆಲಿಗಿಯಲ್ಲಿ. ಹೂವಿನಹಡಗಲಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಪಿ.ಟಿ. ಮಾಸ್ತರನಾಗಿದ್ದೇನೆ. ಪಿ.ಟಿ. ಮಾಸ್ತರನೆಂದರೆ ಊರವರ ಲೆಕ್ಕದಲ್ಲಿ ಪ್ರಾರ್ಥನೆಗೆ ಸಾಲು ನಿಲ್ಲಿಸುವವನು, ಬಿಸಿಯೂಟದ ಹೊತ್ತಿಗೆ ಗದ್ದಲ ಅಡಗಿಸುವವನು, ಆಗಸ್ಟ್ ಹದಿನೈದಕ್ಕೆ ಧ್ವಜದ ಹಗ್ಗ ಕಟ್ಟುವವನು. ಆಟವನ್ನೂ ಕಲಿಸುತ್ತಾನೆ ಎಂಬುದು ಯಾರಿಗೂ ನೆನಪಾಗುವುದಿಲ್ಲ. ನಿಮಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಇಪ್ಪತ್ತೆರಡು ವರ್ಷ ಹಗ್ಗ ಕಟ್ಟಿದವನಿಗೆ ಅದು ಇನ್ನೆಲ್ಲಿರಬೇಕು? ಇರಲಿ, ನಾನೀಗ ಹೇಳಹೊರಟಿದ್ದು ನನ್ನ ಕಥೆಯಲ್ಲ, ಕೊಟ್ರಬಸಮ್ಮನದು.

ಕೊಟ್ರಬಸಮ್ಮನಿಗೆ ಹದಿನೇಳು ವರ್ಷ. ಅವರದು ಹಡಗಲಿ ಪೇಟೆಯಿಂದ ಮೂರು ಕಿಲೋಮೀಟರ್ ಆಚೆಯ ಹಳ್ಳಿ. ಅಲ್ಲಿ ಅರ್ಧ ಎಕರೆ ಮಲ್ಲಿಗೆ ತೋಟವಿದೆ. ತಾಯಿ ನಾಗರತ್ನ ಬೆಳಗಾಗುವ ಮೊದಲೇ ಮೊಗ್ಗು ಬಿಡಿಸಿ, ಬಿದಿರಿನ ಪುಟ್ಟಿಗೆ ತುಂಬಿ, ಮೇಲೆ ಹಸಿ ಬಟ್ಟೆ ಹೊದಿಸುತ್ತಾಳೆ. ಆ ಪುಟ್ಟಿ ಹೊಸಪೇಟೆಗೆ ಹೋಗುವ ಮೊದಲ ಬಸ್ಸಿಗೆ ಏರಲೇಬೇಕು. ಬಸ್ಸು ತಪ್ಪಿದರೆ ಮಧ್ಯಾಹ್ನಕ್ಕೆ ಮೊಗ್ಗು ಅರಳುತ್ತದೆ, ಅರಳಿದ ಮೇಲೆ ಅದನ್ನು ಪೇಟೆಯಲ್ಲಿ ಕೇಳುವವರಿಲ್ಲ. ಅದಕ್ಕೇ ಡ್ರೈವರ್ ಪಾಲಾಕ್ಷ ದಿನಾ ಆ ಊರ ಕ್ರಾಸಿನ ಸೇತುವೆ ಹತ್ತಿರ ಬರುವಾಗ ಒಂದು ಉದ್ದ, ಎರಡು ಗಿಡ್ಡ ಹಾರ್ನ್ ಹಾಕುತ್ತಾನೆ. ಹಾರ್ನ್ ಕೇಳಿದ ಕೂಡಲೇ ಕೊಟ್ರಬಸಮ್ಮ ಎಡಗೈಯಲ್ಲಿ ಪುಟ್ಟಿಯನ್ನು ಸೊಂಟಕ್ಕೆ ಅವುಚಿಕೊಂಡು ಹೊಲದ ಬದುವಿನ ಮೇಲೆ ಓಡಬೇಕು. ಅರ್ಧ ನಿಮಿಷಕ್ಕಿಂತ ಹೆಚ್ಚು ಬಸ್ಸು ನಿಲ್ಲುವುದಿಲ್ಲ. ಒಂಬತ್ತನೇ ವಯಸ್ಸಿನಿಂದ ಹೀಗೇ ಓಡುತ್ತಿದ್ದಾಳೆ, ಒಂದು ದಿನವೂ ಬಸ್ಸು ತಪ್ಪಿಸಿಲ್ಲ.

ಎಂಟನೇ ತರಗತಿಯಲ್ಲಿ ಅವಳು ಮೈದಾನ ಸುತ್ತುವುದನ್ನು ನೋಡಿದಾಗ ನನ್ನ ಬಾಯಲ್ಲಿದ್ದ ಸೀಟಿ ಕೆಳಗೆ ಬಿತ್ತು. ಗಂಡು ಹುಡುಗರೆಲ್ಲ ನಾಲಿಗೆ ಹೊರಗೆ ಹಾಕಿಕೊಂಡು ನಿಂತಿದ್ದರೆ ಇವಳು ಇನ್ನೂ ಸುತ್ತುತ್ತಲೇ ಇದ್ದಳು. ಒಂದೇ ಒಂದು ಕೊರತೆ: ಎಡಗೈ ಅಲ್ಲಾಡುತ್ತಿರಲಿಲ್ಲ, ಸೊಂಟಕ್ಕೆ ಅಂಟಿಕೊಂಡೇ ಇರುತ್ತಿತ್ತು.

"ಆ ಕೈಗೆ ಏನಾಗೇತಿ ನಿನಗ?" ಎಂದು ಗದರಿದೆ.

"ಏನಿಲ್ರಿ ಸರ್, ಪುಟ್ಟಿ ಇರತೈತಲ್ರಿ" ಎಂದಳು.

"ಈಗೆಲ್ಲೈತಿ ಪುಟ್ಟಿ?"

ಅವಳು ತನ್ನ ಕೈಯನ್ನೇ ನೋಡಿಕೊಂಡು ನಕ್ಕಳು. ಆ ಕೈ ಬಿಡಿಸುವುದಕ್ಕೆ ನನಗೆ ಎರಡು ವರ್ಷ ಹಿಡಿಯಿತು.

ನಮ್ಮ ಕಡೆ ಒಂದು ಯುವಕ ಸಂಘದವರು ವರ್ಷಕ್ಕೊಮ್ಮೆ ರಸ್ತೆ ಓಟ ನಡೆಸುತ್ತಾರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ತಾಲ್ಲೂಕಿನ ಹುಡುಗಿಯರು ಬರುತ್ತಾರೆ. ಹಡಗಲಿ ಕ್ರೀಡಾಂಗಣದಿಂದ ಹೊರಟು ಐದು ಕಿಲೋಮೀಟರ್ ಹೋಗಿ, ಅದೇ ದಾರಿಯಲ್ಲಿ ವಾಪಸು ಬರಬೇಕು. ಮೊದಲ ಮೂವರಿಗೆ ಕ್ರೀಡಾ ವಸತಿ ನಿಲಯದಲ್ಲಿ ಸೀಟು: ಎರಡು ವರ್ಷ ಊಟ, ಓದು, ತರಬೇತಿ ಎಲ್ಲ ಅಲ್ಲೇ. ಹದಿನೆಂಟು ತುಂಬಿದವರನ್ನು ತೆಗೆದುಕೊಳ್ಳುವುದಿಲ್ಲ. ಕೊಟ್ರಬಸಮ್ಮನಿಗೆ ಆ ಸೀಟು ಬೇಕಿತ್ತು. "ನನಗ ಓಡೋದ ಬೇಕ್ರಿ ಸರ್, ಮತ್ತೇನೂ ಬ್ಯಾಡ" ಎಂದು ನೇರವಾಗಿಯೇ ಹೇಳುತ್ತಿದ್ದಳು.

ಹೋದ ವರ್ಷದ ಓಟ ನೆನೆದರೆ ಈಗ ನಗು ಬರುತ್ತದೆ. ಅವತ್ತು ಅಳು ಬಂದಿತ್ತು. ಆರು ಗಂಟೆಗೆ ಹೊರಡಬೇಕಾದ ಓಟ ಮುಖ್ಯ ಅತಿಥಿಗಾಗಿ ಮುಕ್ಕಾಲು ಗಂಟೆ ಕಾಯಿತು. ಅವರು ಬಂದು, ಹಾರ ಹಾಕಿಸಿಕೊಂಡು, ಆರೋಗ್ಯವೇ ಭಾಗ್ಯವೆಂದು ಎರಡು ಮಾತಾಡಿ, ಹಸಿರು ಬಾವುಟ ಬೀಸಿದರು. ಆರಕ್ಕೇ ಬಿಟ್ಟಿದ್ದರೆ ಬಸ್ಸು ಬರುವ ಹೊತ್ತಿಗೆ ನಮ್ಮವಳು ಓಟವನ್ನೇ ಮುಗಿಸಿರುತ್ತಿದ್ದಳು. ತಡವಾಗಿದ್ದರಿಂದ ಸರಿಯಾಗಿ ಮೂರನೇ ಕಿಲೋಮೀಟರಿನಲ್ಲಿ, ಅವರದೇ ಊರ ಕ್ರಾಸಿನಲ್ಲಿ, ಬಸ್ಸು ಹಿಂದಿನಿಂದ ಬಂತು. ಪಾಲಾಕ್ಷ ಹಾರ್ನ್ ಹಾಕಿದ. ಒಂದು ಉದ್ದ, ಎರಡು ಗಿಡ್ಡ.

ಕೊಟ್ರಬಸಮ್ಮ ಬಿಟ್ಟ ಬಾಣವಾದಳು. ಮುಂದಿದ್ದ ಆರೇಳು ಹುಡುಗಿಯರನ್ನು ದಾಟಿ, ನಿಂತ ಬಸ್ಸನ್ನು ಮುಟ್ಟಿ, ಅದರ ಬೆನ್ನಿಗೆ ಧಬ್ ಎಂದು ಒಂದು ಏಟು ಹೊಡೆದಳು. ಕಂಡಕ್ಟರು ಬಾಗಿಲಿನಿಂದ ಎರಡೂ ಕೈ ಚಾಚಿ, "ತಾರವ್ವ ಪುಟ್ಟಿ" ಎಂದ. ಆಗ ಎಚ್ಚರವಾಯಿತು ಅವಳಿಗೆ! ಬಸ್ಸಿನ ತುಂಬ ಜನ ನಕ್ಕರು. ಆ ಮುನ್ನೂರು ಮೀಟರಿನಲ್ಲಿ ಉಸಿರೆಲ್ಲ ಖರ್ಚಾಗಿ ಹೋಗಿತ್ತು. ಕೊನೆಗೆ ಹತ್ತೊಂಬತ್ತನೆಯವಳಾಗಿ ಬಂದಳು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನಾನು ಎಲ್ಲರೆದುರು ಬೈದೆ. ಅವಳು ತಲೆ ತಗ್ಗಿಸಲಿಲ್ಲ.

"ಇನ್ನೊಂದ ವರ್ಷ ಐತ್ರಿ ಸರ್" ಎಂದಳು.

ಒಂದೇ ವರ್ಷ. ಮುಂದಿನ ಓಟದ ಹೊತ್ತಿಗೆ ಹದಿನೆಂಟಕ್ಕೆ ಎರಡು ತಿಂಗಳು ಮಾತ್ರ ಉಳಿದಿರುತ್ತದೆ. ಅದಾದ ಮೇಲೆ ಬಾಗಿಲು ಮುಚ್ಚಿದಂತೆಯೇ.

ನನಗೆ ತಿಳಿದ ವಿದ್ಯೆಯನ್ನೆಲ್ಲ ಹೂಡಿದೆ. ಅವಳು ಓಡುವಾಗ ಹಿಂದಿನಿಂದ ಮೋಟರ್ ಸೈಕಲಿನಲ್ಲಿ ಬಂದು ಬಂದು ಹಾರ್ನಿನ ಬದಲು ಸೀಟಿ ಊದಿದೆ. ಅವಳು ಹಾಯಾಗಿ ಓಡುತ್ತಿದ್ದಳು.

"ಸೀಟಿಗ್ಯಾಕ ಓಡ್ಲಿರಿ ಸರ್? ನಿಮ್ಮ ಸೀಟಿ ಏನ್ ನಮ್ಮ ಹೂವಾ ಹೊಸಪ್ಯಾಟಿಗಿ ಒಯ್ಯತೈತೇನು?"

ಕಡೆಗೆ ಮದ್ದು ಕಂಡುಹಿಡಿದವಳು ಅವಳೇ. ದಿನಾ ಕಾಲು ಗಂಟೆ ಮೊದಲೇ ಪುಟ್ಟಿ ಹಿಡಿದು ಕ್ರಾಸಿಗೆ ಬಂದು ನಿಲ್ಲುವುದು. ಹಾರ್ನ್ ಆದಾಗ ನಿಂತಲ್ಲಿಂದ ಹೆಜ್ಜೆ ಕೀಳದಿರುವುದು. ಬಸ್ಸು ಬಂದು ತಾನಾಗಿ ಮುಂದೆ ನಿಂತ ಮೇಲೆಯೇ ಪುಟ್ಟಿ ಕೊಡುವುದು. ಇದಕ್ಕಾಗಿ ತಾಯಿ ಇನ್ನಷ್ಟು ಬೇಗ ಎದ್ದು ಮೊಗ್ಗು ಬಿಡಿಸಬೇಕಾಯಿತು. ನಾಗರತ್ನ ಒಂದು ದಿನವೂ ಗೊಣಗಲಿಲ್ಲ. ಮೊದಲ ಹದಿನೈದು ದಿನ ನಿಂತಲ್ಲೇ ಕಾಲು ಅದುರುತ್ತಿದ್ದವಂತೆ. ಆಮೇಲೆ ನಿಂತವು. "ಈಗ ಹಾರ್ನ್ ಕೇಳಿದ್ರ ಆಕಳಿಕಿ ಬರತೈತ್ರಿ" ಎಂದು ನನ್ನ ಮುಂದೆ ಜಂಬ ಕೊಚ್ಚಿದಳು.

ಅವಳಿಗೆ ಧೈರ್ಯವಿತ್ತು, ನನಗೆ ಇರಲಿಲ್ಲ. ನಿಂತಾಗ ಕಾಲು ಮಾತು ಕೇಳುವುದೇ ಬೇರೆ, ಓಡುವಾಗ ಕೇಳುವುದೇ ಬೇರೆ. ಓಟದ ಹಿಂದಿನ ಸಂಜೆ ಯಾರಿಗೂ ಹೇಳದೆ ಬಸ್ ಸ್ಟ್ಯಾಂಡಿಗೆ ಹೋಗಿ ಪಾಲಾಕ್ಷನನ್ನು ಹಿಡಿದೆ. ಚಹಾ ಕುಡಿಸಿದೆ. "ನಾಳೆ ಒಂದು ದಿನ ಆ ಕ್ರಾಸಿನ್ಯಾಗ ಹಾರ್ನ್ ಹಾಕಬ್ಯಾಡಪ, ಒಂದು ಹುಡುಗಿ ಬಾಳಿನ ಪ್ರಶ್ನೆ ಐತಿ" ಎಂದೆ. ಅವನು ಮೀಸೆ ಒರೆಸಿಕೊಂಡು, "ಆತು ಬಿಡ್ರಿ ಮಾಸ್ತರ್ರ" ಎಂದ. ಅವತ್ತು ನಿದ್ದೆ ಚೆನ್ನಾಗಿ ಬಂತು.

ಈ ವರ್ಷವೂ ಅತಿಥಿಗಳು ತಡವಾಗಿಯೇ ಬಂದರು. ಅತಿಥಿ ಬೇರೆ, ತಡ ಮಾತ್ರ ಅದೇ. ನಾನು ಸೇತುವೆ ಹತ್ತಿರ ಹೋಗಿ ನಿಂತೆ. ನಾಗರತ್ನ ಅವತ್ತು ತಾನೇ ಪುಟ್ಟಿ ಹಿಡಿದು ಕ್ರಾಸಿಗೆ ಬಂದಿದ್ದಳು. ನಲವತ್ತು ಹುಡುಗಿಯರು ರಸ್ತೆ ತುಂಬ ಬರುತ್ತಿದ್ದರು. ಮುಂದೆ ಕೂಡ್ಲಿಗಿಯ ಇಬ್ಬರು ಎತ್ತರದ ಹುಡುಗಿಯರು, ಅವರ ಹಿಂದೆ ಐದಾರು ಜನ. ನಮ್ಮವಳು ಎಂಟನೆಯವಳು. ಅವರೆಲ್ಲರ ಹಿಂದೆ ಬಸ್ಸು. ನಾನು ಪಾಲಾಕ್ಷನ ಕಡೆ ಕೈ ಬೀಸಿದೆ, ನೆನಪಿರಲಿ ಎಂದು.

ಅವನು ಹಾರ್ನ್ ಹಾಕಿದ. ದಿನಾ ಹಾಕುವುದಕ್ಕಿಂತ ಎರಡು ಪಟ್ಟು ಉದ್ದ! ಬೈಗುಳ ಬಾಯಿಗೆ ಬಂತು, ಹೆಂಗಸರಿದ್ದರು, ನುಂಗಿಕೊಂಡೆ. ಕೊಟ್ರಬಸಮ್ಮನ ಎಡಗೈ ಒಮ್ಮೆ ಸೊಂಟದ ಕಡೆ ಹೋಯಿತು. ಮತ್ತೆ ಬಿಟ್ಟುಕೊಂಡಿತು. ಹೆಜ್ಜೆ ಅದೇ ಹೆಜ್ಜೆ, ಉಸಿರು ಅದೇ ಉಸಿರು. ಬಸ್ಸು ಅವಳನ್ನು ದಾಟಿ ಮುಂದೆ ನಿಂತಿತು. ಅವಳು ಅದನ್ನು ಬಳಸಿಕೊಂಡು ಹೋದಳು, ಆ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ಪಾಲಾಕ್ಷ ಕಿಟಕಿಯಿಂದ ತಲೆ ಹೊರಗೆ ಹಾಕಿ ಊರಿಗೆಲ್ಲ ಕೇಳುವ ಹಾಗೆ ಕೂಗಿದ: "ತಪ್ಪು ತಿಳಕೋಬ್ಯಾಡ್ರಿ ಮಾಸ್ತರ್ರ! ಹಾಕಬ್ಯಾಡ ಅಂದಿದ್ರಿ ಖರೆ, ರಸ್ತಿ ತುಂಬ ಹುಡುಗ್ಯಾರು ಅದಾರ, ಹೆಂಗ ಸುಮ್ನಿರ್ಲಿ?"

ಪಕ್ಕದಲ್ಲಿದ್ದ ನಾಗರತ್ನ ನನ್ನ ಮುಖ ನೋಡಿದಳು. ಪುಟ್ಟಿಯನ್ನು ಬಸ್ಸಿಗೆ ಕೊಟ್ಟು ಬಂದು, "ಸರ್, ನಿಮ್ಮ ಗಾಡಿ ಮ್ಯಾಲ ನಾನೂ ಬರ್ತೀನಿ" ಎಂದಷ್ಟೇ ಅಂದಳು.

ವಾಪಸು ಬರುವಾಗ ಅದೇ ಸೇತುವೆಯ ಬಳಿ ಕೊಟ್ರಬಸಮ್ಮ ಐದನೆಯವಳಾಗಿದ್ದಳು. ನಾವು ಒಳದಾರಿ ಹಿಡಿದು ಕ್ರೀಡಾಂಗಣ ಸೇರಿದೆವು. ಕೂಡ್ಲಿಗಿಯ ಇಬ್ಬರು ಒಳಗೆ ಬಂದಾಗಲೇ ಒಂದು, ಎರಡು ಮುಗಿದು ಹೋಯಿತು. ಉಳಿದದ್ದು ಒಂದೇ ಸ್ಥಾನ. ಗೇಟಿನಲ್ಲಿ ಮೊದಲು ಕಂಡದ್ದು ಹರಪನಹಳ್ಳಿಯ ಒಬ್ಬಳು. ನಮ್ಮ ಕಡೆಯ ಹುಡುಗಿಯೇ, ಆದರೂ ಅವತ್ತು ಅವಳ ಕಾಲು ಉಳುಕಲಿ ಎಂದು ಬೇಡಿಕೊಂಡೆ, ದೇವರು ಕ್ಷಮಿಸಲಿ. ಹತ್ತು ಹೆಜ್ಜೆ ಹಿಂದೆ ಕೊಟ್ರಬಸಮ್ಮ. ಇನ್ನು ಅರ್ಧ ಸುತ್ತು. ನಾಗರತ್ನ ಕೂಗಿದಳು, ತೋಟದ ಆ ತುದಿಯಿಂದ ಮಗಳನ್ನು ಕರೆಯುವ ಹಾಗೆ: "ಏ ಕೊಟ್ರೀ, ಈಗ ಓಡಽ!"

ಓಡಿದಳು. ಒಂದು ವರ್ಷ ಬಿಗಿಹಿಡಿದು ಇಟ್ಟುಕೊಂಡದ್ದನ್ನೆಲ್ಲ ಆ ಅರ್ಧ ಸುತ್ತಿನಲ್ಲಿ ಬಿಟ್ಟಳು. ತಿರುವಿನಲ್ಲಿ ಹತ್ತು ಹೆಜ್ಜೆ ನಾಲ್ಕಾಯಿತು. ಗೆರೆಗೆ ಇಪ್ಪತ್ತು ಮೀಟರ್ ಇರುವಾಗ ಇಬ್ಬರ ಭುಜಗಳೂ ಸಮನಾದವು. ಗೆರೆ ದಾಟಿದಾಗ ನಮ್ಮವಳ ಎದೆ ಒಂದು ಗೇಣು ಮುಂದಿತ್ತು. ಮೂರನೆಯವಳು! ನಾನು ಕುಣಿದೆನಂತೆ. ನನಗೆ ನೆನಪಿಲ್ಲ, ನೋಡಿದವರು ಹೇಳುತ್ತಾರೆ.

ನೀರು ಕುಡಿದು ಉಸಿರು ಸರಿಯಾದ ಮೇಲೆ ತಾಯಿ ಮಗಳ ಕಿವಿಯಲ್ಲಿ ಏನೋ ಹೇಳಿದಳು. ಕೊಟ್ರಬಸಮ್ಮ ಸೀದಾ ನನ್ನ ಮುಂದೆ ಬಂದು ನಿಂತಳು.

"ಪಾಲಾಕ್ಷಣ್ಣಗ ಹಾರ್ನ್ ಹಾಕಬ್ಯಾಡ ಅಂದಿದ್ರಂತ, ಖರೆ ಏನ್ರಿ?"

"ಹೂನವ್ವ" ಎಂದೆ.

"ಅವ ನಿಮ್ಮ ಮಾತು ಕೇಳಿದ್ರ ಏನಾಗತಿತ್ತು ಗೊತ್ತೇನ್ರಿ? ನಾ ತಡಕೊಂಡೆ ಅನ್ನೋದು ನನಗ ಗೊತ್ತ ಆಗತಿರಲಿಲ್ಲ." ಅವಳ ಕಣ್ಣಲ್ಲಿ ನೀರಿತ್ತು. "ಒಂದು ವರ್ಷ ಕ್ರಾಸಿನ್ಯಾಗ ನಿಂತೀನ್ರಿ ಸರ್. ಅವ್ವ ನಂಬಿದ್ಳು. ನೀವ ನಂಬಲಿಲ್ಲ."

ಮಕ್ಕಳಿಗೆ ಬೈದೇ ಗೊತ್ತಿದ್ದವನಿಗೆ ಬೈಸಿಕೊಂಡು ಗೊತ್ತಿರಲಿಲ್ಲ. ಬಹಳ ನಾಚಿಕೆಯಾಯಿತು. ತಪ್ಪಾಯಿತು ಎಂದೆ, ಬಾಯಿಬಿಟ್ಟೇ ಹೇಳಿದೆ.

ಅಷ್ಟರಲ್ಲಿ ವಸತಿ ನಿಲಯದ ಮೇಡಂ ಕರೆದರು. ಮೇಜಿನ ಮೇಲೆ ಅರ್ಜಿ ಇಟ್ಟರು. ನಾಗರತ್ನ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು. ಕೆಳಗೆ ಇನ್ನೊಂದು ಸಹಿಯ ಜಾಗ ಖಾಲಿ ಇತ್ತು. ಮೇಡಂ ಓದಿ ಹೇಳಿದರು: "ಈ ಕ್ರೀಡಾಪಟು ಎರಡು ವರ್ಷದ ತರಬೇತಿಯನ್ನು ಅರ್ಧಕ್ಕೆ ಬಿಡದೆ ಮುಗಿಸುತ್ತಾಳೆಂದು ತರಬೇತುದಾರನಾದ ನಾನು ಭರವಸೆ ನೀಡುತ್ತೇನೆ." ಆಮೇಲೆ ನಮ್ಮ ಮೂವರನ್ನೂ ನೋಡಿದರು. "ಎಷ್ಟೋ ಹುಡುಗಿಯರು ಎರಡೇ ತಿಂಗಳಿಗೆ ಮನೆ ನೆನಪಾಗಿ ವಾಪಸು ಹೋಗಿದ್ದಾರೆ. ಇದಕ್ಕೆ ಸಹಿ ಹಾಕುವವರು ಯೋಚನೆ ಮಾಡಿ ಹಾಕಬೇಕು. ತರಬೇತುದಾರರು ಯಾರು?"

ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಯಾವ ಮುಖದಿಂದ ನಾನೇ ಎನ್ನಲಿ?

ಕೊಟ್ರಬಸಮ್ಮ ಪೆನ್ನು ತೆಗೆದುಕೊಂಡು ನನ್ನ ಕೈಗೆ ಕೊಟ್ಟಳು.

"ಇವ್ರ ರೀ ಮೇಡಂ" ಎಂದಳು. ನನ್ನ ಕಡೆ ತಿರುಗಿ, "ಹಾಕ್ರಿ ಸರ್. ಈ ಸಲ ಯಾರನ್ನೂ ಕೇಳಾಕ ಹೋಗಬ್ಯಾಡ್ರಿ" ಎಂದಳು.

ಹಾಕಿದೆ. ಕಣ್ಣು ಮಂಜಾಗಿ ದಿನಾಂಕದ ಜಾಗ ಕಾಣಲಿಲ್ಲ, ಅದನ್ನು ಆಮೇಲೆ ಮೇಡಂ ಅವರೇ ಬರೆದುಕೊಂಡರು.