ಎರಡು ಕಾಲಿಗೆ ಎರಡು ಕಂಪನಿಯ ಬೂಟು

ನಮ್ಮ ದೊಡ್ಡಮ್ಮನಿಗೆ ತಲೆ ಕೆಟ್ಟಿದೆ ಎಂದು ನಾನು ಸುಮಾರು ಒಂದೂವರೆ ತಿಂಗಳು ನಂಬಿದ್ದೆ. ಯುದ್ಧ ಶುರುವಾದ ವರ್ಷ ಅದು. ನಾನು ಅವರ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದೆ. ಐವತ್ತರ ಹತ್ತಿರದ ಈ ಗಂಭೀರ ಹೆಂಗಸು ಬೆಳಿಗ್ಗೆ ಎಡಗಾಲಿಗೊಂದು ಕಪ್ಪು, ಬಲಗಾಲಿಗೊಂದು ಕಂದು ಸೈನಿಕರ ಬೂಟು ಮೆಟ್ಟಿ, ಬೀದಿಯಲ್ಲಿ ಕೆಸರುಗುಂಡಿ ಎಲ್ಲಿದೆಯೋ ಹುಡುಕಿ ಹುಡುಕಿ ಅದರಲ್ಲೇ ಕಾಲಿಟ್ಟು ಆಫೀಸಿಗೆ ಹೋಗುತ್ತಿದ್ದರು. ಪತ್ರಿಕೆಯಲ್ಲಿ ಯುದ್ಧದ ಸುದ್ದಿ ಓದಿ ಓದಿ ಹೀಗಾಗಿದೆ ಎಂದು ತೀರ್ಮಾನಿಸಿ ಅಮ್ಮನಿಗೆ ನಾಲ್ಕು ಪುಟದ ಕಾಗದ ಬರೆದೆ. ಅಮ್ಮ ಒಂದೇ ಸಾಲು ಉತ್ತರಿಸಿದಳು: "ಅಕ್ಕ ಮೊದಲಿನಿಂದಲೂ ಹಾಗೇ, ನೀನು ಓದಿಕೋ."

ದೊಡ್ಡಮ್ಮ ಸೈನ್ಯಕ್ಕೆ ಸಾಮಾನು ಕೊಳ್ಳುವ ಸರ್ಕಾರಿ ಕಚೇರಿಯಲ್ಲಿ ಬೂಟು ಪರೀಕ್ಷಕಿ. ಅಲ್ಲಿನ ಪದ್ಧತಿ ಹೀಗಿತ್ತು: ಕಂಟ್ರಾಕ್ಟರು ಮೊದಲು ಒಂದು ಜೊತೆ ಬೂಟು ತಂದು ಒಪ್ಪಿಸಬೇಕು. ಅದಕ್ಕೆ ದಾರ ಕಟ್ಟಿ, ಅರಗಿನ ಮೊಹರು ಒತ್ತಿ, ಗಾಜಿನ ಬೀರುವಿನಲ್ಲಿ ಇಡುತ್ತಾರೆ. ಆಮೇಲೆ ಬರುವ ಸಾವಿರಾರು ಬೂಟುಗಳನ್ನು ಅದರ ಪಕ್ಕದಲ್ಲಿಟ್ಟು ಬಣ್ಣ, ಹೊಲಿಗೆ, ಲೇಸಿನ ತೂತು ತಾಳೆ ನೋಡಿ ಫಾರಂ ತುಂಬಬೇಕು. ಬೂಟು ಇರುವುದು ನಡೆಯುವುದಕ್ಕೆ ಎಂಬ ವಿಷಯ ಫಾರಂ ಬರೆದವರಿಗೆ ಹೊಳೆದಿರಲಿಲ್ಲ. ದೊಡ್ಡಮ್ಮನಿಗೆ ಹೊಳೆದಿತ್ತು. ಕಂಟ್ರಾಕ್ಟರುಗಳು ಕಳಿಸಿದ ಪೆಟ್ಟಿಗೆಯ ತಳದಿಂದ ಅತಿ ಚಿಕ್ಕ ಅಳತೆಯದನ್ನು ಎಳೆದು, ಮುಂದೆ ಪತ್ರಿಕೆಯ ಚೂರು ತುರುಕಿ, ಎರಡು ಕಂಪನಿಯ ಎರಡು ಬೂಟನ್ನು ಒಟ್ಟಿಗೆ ಹಾಕಿಕೊಳ್ಳುತ್ತಿದ್ದರು. ರಸ್ತೆ ಒಂದೇ, ನೀರು ಒಂದೇ, ಮೈಭಾರ ಒಂದೇ. ಯಾವುದು ಮೊದಲು ಬಾಯಿ ಬಿಡುತ್ತದೆ ಎಂಬುದು ತಾನಾಗಿ ಗೊತ್ತಾಗುತ್ತಿತ್ತು.

ಒಂದು ಸಲ ಹೊಸದಾಗಿ ಬಂದ ಕಪ್ಪು ಬೂಟು ಎರಡನೇ ದಿನವೇ ಬಾಯಿ ಬಿಟ್ಟಿತು. ತೆಳು ಚರ್ಮದ ಒಳಗೆ ಒತ್ತಿದ ರಟ್ಟು. ಅಂಥವು ಎಂಟು ಸಾವಿರ ಜೊತೆ ಉಗ್ರಾಣದಲ್ಲಿದ್ದವು. ದೊಡ್ಡಮ್ಮ ಕಡ್ಡಿ ತುಂಡು ಮಾಡಿದ ಹಾಗೆ 'ತಿರಸ್ಕೃತ' ಎಂದು ಬರೆದರು.

ಮರುದಿನ ಅವರು ಮರೆತುಹೋಗಿದ್ದ ಛತ್ರಿ ಕೊಡಲು ನಾನು ಕಚೇರಿಗೆ ಹೋದಾಗ ಅವರ ಮೇಲಧಿಕಾರಿ ಕೂಗಾಡುತ್ತಿದ್ದರು. ನಮ್ಮ ಮನೆಯಲ್ಲಿ ಅವರ ಹೆಸರು ಮೊಹರು ಸಾಹೇಬರು. ಅರಗು ಒತ್ತದೆ ನೀರನ್ನೂ ಕುಡಿಯುವವರಲ್ಲ. ಪಕ್ಕದಲ್ಲಿ ಕಪ್ಪು ಬೂಟಿನ ಕಂಟ್ರಾಕ್ಟರು ಹಲ್ಲುಕಿರಿಯುತ್ತ ಕೂತಿದ್ದ.

"ನೋಡಮ್ಮ, ಬೀರುವಿನಲ್ಲಿರೋ ಬೂಟಿಗೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ," ಎಂದರು ಸಾಹೇಬರು.

"ಬೀರುವಿನದು ಯಾವತ್ತೂ ನಡೆದಿಲ್ಲ ಸಾರ್."

"ಶನಿವಾರ ರೈಲು ಹೊರಡುತ್ತೆ. ನಿಮ್ಮೊಬ್ಬರ ಸಹಿಗೋಸ್ಕರ ಸೈನ್ಯ ಬರಿಗಾಲಲ್ಲಿ ನಿಂತಿರಬೇಕಾ?"

"ಅವರ ಹಳೇದು ಇನ್ನೂ ಗಟ್ಟಿಯಾಗಿದೆ. ಅದನ್ನ ಬಿಸಾಕಿ ಇದನ್ನ ಹಾಕ್ಕೊಂಡ್ರೆ ಮೂರನೇ ದಿನ ಬರಿಗಾಲೇ."

"ಸಹಿ ಹಾಕದಿದ್ರೆ ಸೋಮವಾರದಿಂದ ಬರೋದು ಬೇಡ."

ದೊಡ್ಡಪ್ಪ ತೀರಿಹೋಗಿ ಆರು ವರ್ಷವಾಗಿತ್ತು. ಇಬ್ಬರು ಹೆಣ್ಣುಮಕ್ಕಳು ಇನ್ನೂ ಶಾಲೆಯಲ್ಲಿದ್ದರು. ಮನೆ ನಡೆಯುತ್ತಿದ್ದದ್ದು ಇದೇ ಕೆಲಸದ ಮೇಲೆ. ದೊಡ್ಡಮ್ಮ ಛತ್ರಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಸಾಹೇಬರ ಮೇಜಿನ ಮೇಲಿಟ್ಟರು. ಪಕ್ಕದಲ್ಲಿ ಒಂದು ಜೊತೆ ಹೊಸ ಕಪ್ಪು ಬೂಟು ಇಟ್ಟರು, ದೊಡ್ಡ ಅಳತೆಯದು.

"ಇದನ್ನ ಹಾಕ್ಕೊಂಡು ರೈಲ್ವೆ ಸ್ಟೇಷನ್ನಿನವರೆಗೆ ಹೋಗಿ ಬನ್ನಿ ಸಾರ್. ನಿಮ್ಮ ಕಾಲಿಗೆ ಸರಿ ಅನ್ನಿಸಿದ್ರೆ ನನ್ನ ಕೈಗೂ ಸರಿ. ಆಗ ಸಹಿ ಹಾಕ್ತೀನಿ."

ಕಂಟ್ರಾಕ್ಟರನ ಹಲ್ಲು ಒಳಗೆ ಹೋದವು. "ಮಳೆ ಬರ್ತಿದೆ ಸಾರ್, ನನ್ನ ಕಾರಿದೆ," ಎಂದ.

ಆದರೆ ಸಾಹೇಬರಿಗೆ ಇದು ಘನತೆಯ ಪ್ರಶ್ನೆಯಾಗಿಬಿಟ್ಟಿತ್ತು. ಲೇಸು ಬಿಗಿದು, ಎದೆಯುಬ್ಬಿಸಿ, ಗಡಿಗೇ ಹೊರಟವರಂತೆ ಮೆಟ್ಟಿಲಿಳಿದರು. ಗುಮಾಸ್ತರೆಲ್ಲ ಕಿಟಕಿಗೆ ಮುತ್ತಿದರು. ಒಂದು ಗಂಟೆಯಾದ ಮೇಲೆ ಅವರು ಕೊಕ್ಕರೆಯ ಹಾಗೆ ಒಂದು ಕಾಲನ್ನು ಎತ್ತೆತ್ತಿ ಇಡುತ್ತ ಬಂದರು. ಕಿತ್ತುಬಂದ ಬಲಗಾಲಿನ ಬೂಟಿನ ಅಟ್ಟೆಯನ್ನು ಮುಖ್ಯವಾದ ಕಡತದಂತೆ ಕಂಕುಳಲ್ಲಿ ಅವುಚಿಕೊಂಡಿದ್ದರು.

ಕುರ್ಚಿಯಲ್ಲಿ ಕೂತು, ಅಟ್ಟೆಯನ್ನು ಮೇಜಿನ ಮೇಲಿಟ್ಟು, "ನನ್ನ ತೂಕ ಸೈನಿಕನಿಗಿಂತ ಸ್ವಲ್ಪ ಜಾಸ್ತಿ," ಎಂದರು.

"ಅವನ ಬೆನ್ನ ಮೇಲೆ ಮೂಟೆ ಇರುತ್ತೆ ಸಾರ್."

"ಹೋಗಲಿ, 'ಒಣ ಹವೆಗೆ ಯೋಗ್ಯ' ಅಂತ ಬರೆದರೆ?"

"ಬರೀಬಹುದು. ನೆಲ ಒಣಗಿದ ಮೇಲೆ ಬನ್ನಿ ಅಂತ ಶತ್ರುಗಳಿಗೂ ಒಂದು ಕಾಗದ ಹಾಕಿ."

ಸಹಿ ಬೀಳಲಿಲ್ಲ. ಶನಿವಾರದ ರೈಲು ಬರೀ ಕಂಬಳಿ ಹೊತ್ತುಕೊಂಡು ಹೋಯಿತು. ಬೂಟುಗಳು ಬಂದ ದಾರಿಯಲ್ಲೇ ಹಿಂದಿರುಗಿದವು. ದೊಡ್ಡಮ್ಮನ ಕೆಲಸವೂ ಹೋಗಲಿಲ್ಲ. ತೆಗೆದುಹಾಕಬೇಕಾದರೆ ಕಾರಣ ಬರೆಯಬೇಕಲ್ಲ, ಆ ಕಾರಣವನ್ನು ಬರೆಯುವ ಧೈರ್ಯ ಯಾರಿಗೂ ಬರಲಿಲ್ಲ. ಸೋಮವಾರ ಅವರನ್ನು ಗುಂಡಿ ವಿಭಾಗಕ್ಕೆ ಎಸೆದರು. ಮಂಗಳವಾರದಿಂದ ನನ್ನ ಅಂಗಿಗೆ ಆರು ಕಂಪನಿಯ ಆರು ಗುಂಡಿಗಳು. ಕಾಲೇಜಿನಲ್ಲಿ ಈಗ ನನಗೆ ತಲೆ ಕೆಟ್ಟಿದೆ ಎಂದುಕೊಂಡರು.

ಎಷ್ಟೋ ವರ್ಷಗಳ ನಂತರ, ನಾನೂ ಒಬ್ಬ ಬರಹಗಾರ ಎಂಬ ಭ್ರಮೆ ಹತ್ತಿದ ಮೇಲೆ, ನೋಟ್‌ಬುಕ್ ಹಿಡಿದು ಅವರ ಎದುರು ಕೂತೆ. ಗಂಟಲು ಸರಿಮಾಡಿಕೊಂಡು ಕೇಳಿದೆ: "ದೊಡ್ಡಮ್ಮ, ಕೆಲಸ ಹೋಗುತ್ತೆ ಅಂತ ಗೊತ್ತಿದ್ದೂ ಸಹಿ ಹಾಕಲಿಲ್ಲವಲ್ಲ, ಆ ಗಳಿಗೆಯಲ್ಲಿ ನಿಮ್ಮ ಎದೆಯೊಳಗೆ ದೇಶಪ್ರೇಮ ಉಕ್ಕಿ ಬಂತಾ?"

"ಇಲ್ಲ ಕಣೋ," ಎಂದರು ದೊಡ್ಡಮ್ಮ. "ಕಾಲ್ಚೀಲದೊಳಗೆ ನೀರು ಬಂತು."