ನನ್ನ ತಲೆಯ ಮೇಲಿನ ಹರಕೆ

ನನ್ನ ಹೆಂಡತಿ ದೇವರಿಗೆ ಕೊಡುವುದೆಲ್ಲ ನನ್ನದೇ. ಮಗಳಿಗೆ ಜ್ವರ ಬಂದರೆ ಬರಿಗಾಲಲ್ಲಿ ಹನೂರು ದಾಟಿ ಮಾದಪ್ಪನ ಬೆಟ್ಟ ಹತ್ತಬೇಕಾದವನು ನಾನು; ಹಸು ಗಬ್ಬ ನಿಲ್ಲದಿದ್ದರೆ ಸೋಮವಾರ ಉಪವಾಸ ಕೂರಬೇಕಾದವನೂ ನಾನೇ. ಆ ಸಲ ರೇಷ್ಮೆಹುಳುವಿನ ಸರದಿ.

ಕೊಳ್ಳೇಗಾಲದಲ್ಲಿ ನನ್ನಂಥ ಮೇಷ್ಟರ ಮನೆಯೂ ಹುಳುವಿನ ಮನೆಯೇ. ನಡುಮನೆ ಹುಳುವಿನ ತಟ್ಟೆಗಳಿಗೆ, ಜಗುಲಿ ನನಗೆ. ಹಿಂದಿನ ಬೆಳೆ ಸುಣ್ಣಕಟ್ಟು ರೋಗಕ್ಕೆ ಹೋಗಿತ್ತು; ಹುಳುಗಳೆಲ್ಲ ಬಳಪದ ಚೂರಿನಂತೆ ಬೆಳ್ಳಗೆ ಸೆಟೆದಿದ್ದವು. ಇದೂ ಹೋದರೆ ತಟ್ಟೆಗಳನ್ನು ಒಲೆಗಿಟ್ಟು ಹುಳುವಿನ ಸಹವಾಸವನ್ನೇ ಬಿಡುತ್ತೇನೆಂದು ಅವಳು ನಿದ್ದೆಗೆಟ್ಟು ಸೊಪ್ಪು ಹಾಕುತ್ತಿದ್ದಳು. ಒಂದು ಬೆಳಿಗ್ಗೆ ಮೂಲೆಯ ತಟ್ಟೆಯಲ್ಲಿ ಮತ್ತೆ ಬಿಳಿ ಹುಳು ಕಂಡವು.

"ನಿಮ್ಮ ಮುಡಿ ಕೊಡ್ತೀನಿ ಅಂತ ಮಾದಪ್ಪುಂಗೆ ಅರಕೆ ಒತ್ಕಂಡಿವ್ನಿ ಕಣ್ರಿ" ಎಂದಳು.

"ನನ್ನ ಒಂದ್ ಮಾತ್ ಕೇಳ್ಬಾರ್ದಾಗಿತ್ತಾ?"

"ಕೇಳುದ್ರೆ ನೀವ್ ಒಪ್ತಿದ್ರಾ?"

ಮೈಯೆಲ್ಲ ಉರಿಯಿತು. ರೋಗ ಕೊಡುವವನೂ ಅವನೇ, ಕಳೆಯುವವನೂ ಅವನೇ ಆದರೆ ನಡುವೆ ನನ್ನ ಕೂದಲಿಗೇನು ಕೆಲಸ? ಕೊಯಮತ್ತೂರಿನ ಜಿಲ್ಲಾ ಕಚೇರಿಗೆ ಅರ್ಜಿ ಬರೆದು ಕಾಯುವುದು ನಮಗೆ ಅಭ್ಯಾಸ, ಸರಿ. ಕರುಣಾಮಯನೂ ಅರ್ಜಿ ಕೇಳಿದರೆ ಹೇಗೆ? ಶಾಲೆಯಲ್ಲಿ ಸಂಸ್ಕೃತ ಪಂಡಿತರನ್ನು ಹಿಡಿದು ಕೇಳಿದೆ. ಎಲ್ಲವೂ ಪೂರ್ವಜನ್ಮದ ಕರ್ಮವೆಂದು ನಶ್ಯ ಏರಿಸಿದರು. ಹುಟ್ಟಿದಾಗಿನಿಂದ ಸೊಪ್ಪು ತಿಂದದ್ದು ಬಿಟ್ಟು ಬೇರೇನೂ ಮಾಡದ ಹುಳುವಿಗೆಂಥ ಕರ್ಮ ಎಂದರೆ, ಗಂಟೆ ಹೊಡೆಯಿತೆಂದು ಎದ್ದು ಹೋದರು. ಗಂಟೆ ಹೊಡೆದಿರಲಿಲ್ಲ.

ಮೂಲೆಯ ತಟ್ಟೆ ಹೋಯಿತು, ಮಿಕ್ಕವು ಉಳಿದವು. ಅವಳ ಕಣ್ಣಲ್ಲಿ ನೀರು ಬಂತು. ನನಗೂ ಸಂತೋಷವಾಯಿತು, ಸುಳ್ಳೇಕೆ ಹೇಳಲಿ? ಹೋದ ತಟ್ಟೆಯ ಲೆಕ್ಕಕ್ಕೆ ಒಂದಿಷ್ಟು ಕೂದಲು ಉಳಿಸಿಕೊಳ್ಳಲೇ ಎಂದು ಕೇಳಿದ್ದಕ್ಕೆ "ಬುಡ್ತು ಅನ್ನಿ!" ಎಂದು ಕೆನ್ನೆ ಬಡಿದುಕೊಂಡಳು. ಗೂಡುಗಳೆಲ್ಲ ನೂಲು ತೆಗೆಯುವವರ ಕುದಿನೀರಿಗೆ ಹೋದ ಮೇಲೆ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು ಬಂದೆ.

ಅಷ್ಟರಲ್ಲಿ ಮುಂದಿನ ಬೆಳೆ ತಟ್ಟೆಗೆ ಬಂದಿತ್ತು. ಹೆಂಡತಿ ತವರೂರು ಧನಗೆರೆಗೆ ಹೋಗಿದ್ದ ಒಂದು ಮಧ್ಯಾಹ್ನ ನಾನೇ ಸೊಪ್ಪಿನ ಕುಕ್ಕೆ ಹಿಡಿದು ಒಳಗೆ ಹೋದೆ. ಹುಳುಗಳು ಪೊರೆ ಬಿಡಲು ಕೂತಿದ್ದವು. ಆಗ ಅವು ಏನನ್ನೂ ತಿನ್ನುವುದಿಲ್ಲ. ತಲೆಯೆತ್ತಿ, ಅಲುಗದೆ, ಮೌನವಾಗಿರುತ್ತವೆ. ತಟ್ಟೆ ತಟ್ಟೆಯಲ್ಲೂ ಹಾಗೆ ಎತ್ತಿದ ತಲೆಗಳು, ಎಲ್ಲವೂ ನನ್ನ ಕಡೆಗೇ.

ನನಗೆ ಕಸಿವಿಸಿಯಾಯಿತು. ಸೊಪ್ಪು ಕೊಡುವವನು ನಾನು, ರೋಗ ಬಂದರೆ ಮರುಗುವವನು ನಾನು, ಕೊನೆಗೆ ಕುದಿನೀರಿಗೆ ಕಳಿಸುವವನೂ ನಾನೇ. ಏಕೆಂದು ಅವು ಕೇಳಿದರೆ ನಾನೂ ಗಂಟೆ ಹೊಡೆಯಿತೆಂದು ಎದ್ದು ಹೋಗಬೇಕಷ್ಟೆ. ಸುಮ್ಮನೆ ಬೋಳುತಲೆ ಸವರಿಕೊಂಡೆ.

ಪಾಪ, ಯಾರ ಮುಡಿಯನ್ನು ನನಗೆ ಹರಕೆ ಹೊತ್ತಿದ್ದವೋ!