ಹುಳದ ಮನೆಯಲ್ಲಿಟ್ಟ ಲೆನ್ಸು

ರಾಮನಗರದ ಆ ಕ್ಯಾಮೆರಾ ರಿಪೇರಿಯವರು ಗಿರಾಕಿಯ ಮುಖ ನೋಡುತ್ತಿರಲಿಲ್ಲ. ಒಂದು ಕಣ್ಣು ಮುಚ್ಚಿ, ಲೆನ್ಸನ್ನು ಕಿಟಕಿಯ ಬೆಳಕಿಗೆ ಹಿಡಿದು, "ಎಲ್ಲಿ ಮಡಗಿದ್ದೆ, ಅದ ಹೇಳು ಮೊದ್ಲು" ಎಂದು ಗದರುತ್ತಿದ್ದರು.

ನನ್ನ ಲೆನ್ಸಿನೊಳಗೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿತ್ತು. ಮರುದಿನ ಚನ್ನಪಟ್ಟಣದಲ್ಲಿ ಒಂದು ಮದುವೆಯ ಫೋಟೋ ಒಪ್ಪಿಕೊಂಡಿದ್ದೆ.

"ರೇಷ್ಮೆ ಹುಳದ ಮನೇಲಿ ಸಾರ್. ನಮ್ಮನೇಲಿ ಅದಕ್ಕಿಂತ ಕ್ಲೀನಾದ ಜಾಗ ಇಲ್ಲ. ಕಾಲು ತೊಳೀದೆ ಯಾರೂ ಒಳಕ್ಕೆ ಬರಂಗಿಲ್ಲ."

ಅವರೂ ಹುಳ ಸಾಕಿದ ಮನೆಯವರೇ. "ತೇವ ಇರ್ಲಿ ಅಂತ ಸುತ್ತ ಒದ್ದೆ ಗೋಣಿತಾಟು ಕಟ್ಟೋನೂ ನೀನೇ, ಅಲ್ಲೇ ಲೆನ್ಸು ಮಡಗೋನೂ ನೀನೇ! ಬುದ್ಧಿ ಐತೇನ್ಲಾ?" ಎಂದು ಮೇಜು ಗುದ್ದಿದರು. ಅಂಗಡಿ ತುಂಬ ಜನ. ನನಗೂ ಸಿಟ್ಟು ನೆತ್ತಿಗೇರಿತು.

"ರಿಪೇರಿ ಮಾಡಿ, ಇಲ್ಲಾಂದ್ರೆ ಬಿಡಿ. ಬಯ್ಬೇಡಿ."

"ಮಾಡಕ್ಕಾಗಲ್ಲ ಕಣ್ಲಾ, ಗಾಜನ್ನೇ ತಿಂದ್ಬುಟ್ಟೈತೆ!" ಎನ್ನುತ್ತ, ಬೀರುವಿನಿಂದ ತಮ್ಮದೇ ಲೆನ್ಸು ತೆಗೆದು, ತೇವ ಹೀರುವ ಪೊಟ್ಟಣಗಳ ಜೊತೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ನನ್ನ ಎದೆಗೆ ಒತ್ತಿದರು. "ತಕ್ಕೊಂಡು ಹಾಳಾಗೋಗು."

ಮದುವೆ ಮುಗಿಸಿ ಮಾರನೆಯ ದಿನ ಡಬ್ಬಿ ಹಿಂತಿರುಗಿಸಿದೆ. ಮದುವೆ ಹೇಗಾಯಿತೆಂದು ಅವರು ಕೇಳಲಿಲ್ಲ. ಲೆನ್ಸನ್ನು ಕಿಟಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದರು.

"ರಾತ್ರಿ ಎಲ್ಲಿ ಮಡಗಿದ್ದೆ, ಅದ ಹೇಳು ಮೊದ್ಲು."